ವಿಡಿಯೋ ಮಾಡ್ಕೊಂಡು ಜೀವನ ನಡೆಯುತ್ತಾ? ಎಲಿಜಬೆತ್ ಪ್ರೈಸ್ ಅವರ ದಾರಿ ಇಟ್ಕೊಂಡು ಒಂದು ಲೆಕ್ಕ

ಪ್ರಶ್ನೆ: "ನಾವು ದಾವಣಗೆರೆ ಕಡೆಯವರು, ತುಂಬಾ ವರ್ಷದಿಂದ ಇಂಗ್ಲೆಂಡಲ್ಲಿದೀವಿ, ಸಿಟಿಜನ್‌ಶಿಪ್ ಕೂಡ ಆಗಿದೆ, ಈಗ ಲೂಟನ್ನಲ್ಲಿ ಮನೆ. ಮಗಳಿಗೆ 17, ನಮ್ಮ ಪಿಯುಸಿ ಥರದ ಎ ಲೆವೆಲ್‌ನಲ್ಲಿ ಆರ್ಟ್, ಇಂಗ್ಲಿಷ್, ಫಿಸಿಕ್ಸ್ ತಗೊಂಡಿದಾಳೆ. ಅವಳ ಆರ್ಟ್ ಟೀಚರ್ ಎಲಿಜಬೆತ್ ಪ್ರೈಸ್ ಅನ್ನೋ ಕಲಾವಿದೆ ಬಗ್ಗೆ ಹೇಳಿದಾರೆ, ನಮ್ಮೂರಲ್ಲೇ ಸರ್ಕಾರಿ ಶಾಲೇಲಿ ಓದಿ, ಬ್ರಿಟನ್ನಿನ ದೊಡ್ಡ ಕಲಾ ಪ್ರಶಸ್ತಿ ಟರ್ನರ್ ಪ್ರೈಜ್ ಗೆದ್ದವರು ಅಂತ. ಅವತ್ತಿಂದ ಇವಳು ನಾನೂ ಫೈನ್ ಆರ್ಟ್ಸ್ ಮಾಡ್ತೀನಿ, ವಿಡಿಯೋ, ಸೌಂಡ್ ಇಟ್ಕೊಂಡು ಕೆಲಸ ಮಾಡ್ತೀನಿ ಅಂತ ಕೂತಿದಾಳೆ. ನಮ್ಮ ಯಜಮಾನ್ರು ಆಕೆ ಆಕ್ಸ್‌ಫರ್ಡು, ಪ್ರೊಫೆಸರ್ರು, ಲಾಟರಿ ಹೊಡೆದ ಹಾಗೆ ಒಬ್ಬರಿಗೆ ಆಗಿದೆ ಅಷ್ಟೇ ಅಂತಾರೆ. ಬೆಂಗಳೂರಲ್ಲಿರೋ ನಮ್ಮಣ್ಣ ಮಲ್ಟಿಮೀಡಿಯಾ ತಾನೇ, ಅನಿಮೇಷನ್ನೋ, ಆಪ್ ವೆಬ್‌ಸೈಟ್ ರೂಪಿಸೋ ಯುಎಕ್ಸ್ ಡಿಸೈನೋ ಮಾಡ್ಸು, ಒಳ್ಳೆ ಸಂಬಳ ಬರುತ್ತೆ ಅಂತಾನೆ. ನಂಗೆ ಗೊತ್ತಾಗ್ದೇ ಇರೋದು ಇಷ್ಟು: ವಿಡಿಯೋನ ಯಾರಾದ್ರೂ ದುಡ್ಡು ಕೊಟ್ಟು ಯಾಕೆ ತಗೋತಾರೆ, ಕಾಪಿ ಮಾಡ್ಕೊಂಡ್ರೆ ಆಯ್ತಲ್ಲ? ಇಂಥವರಿಗೆ ಊಟಕ್ಕೆ ದುಡ್ಡು ಎಲ್ಲಿಂದ ಬರುತ್ತೆ? ಮಗಳನ್ನ ಕಳಿಸೋದಾ ಬೇಡ್ವಾ?"

ಉತ್ತರ:

ಮೇಡಂ, ನಮಸ್ತೆ. ನಿಮ್ಮ ಚಿಂತೆ ನಂಗೆ ಅರ್ಥ ಆಗಿರೋದು ಹೀಗೆ. ಮಗಳು ತೋರಿಸ್ತಿರೋ ಒಬ್ಬರ ಕಥೆ ನಿಜ ಇರಬಹುದು, ಆದ್ರೆ ಅದೇ ದಾರಿ ಹಿಡಿದು ಹೆಸರೂ ಇಲ್ದೆ ದುಡ್ಡೂ ಇಲ್ದೆ ಉಳಿದವರು ಎಷ್ಟು ಜನ ಇದಾರೋ, ನಮ್ಮ ಹುಡುಗಿ ಅವರಲ್ಲಿ ಒಬ್ಬಳಾದ್ರೆ ಏನು ಗತಿ ಅಂತ. ಅಪ್ಪ ಅಮ್ಮ ಕೇಳಲೇಬೇಕಾದ ಪ್ರಶ್ನೆ ಇದು. ನಾನು ಇಲ್ಲಿ ಗ್ಯಾಲರಿ, ಮ್ಯೂಸಿಯಂಗಳಲ್ಲಿ ವಿಡಿಯೋ ಮತ್ತು ಸೌಂಡ್ ಕೃತಿಗಳನ್ನ ಇನ್‌ಸ್ಟಾಲ್ ಮಾಡೋ ಕೆಲಸ ತುಂಬಾ ವರ್ಷದಿಂದ ಮಾಡ್ತಿದೀನಿ, ನಡುನಡುವೆ ಆರ್ಟ್ ಕಾಲೇಜಲ್ಲಿ ಪಾಠನೂ ಮಾಡ್ತೀನಿ. ಹಾಗಾಗಿ ಈ ಕಲಾವಿದರ ಕೆಲಸ ಹೇಗಿರುತ್ತೆ, ಅವರಿಗೆ ದುಡ್ಡು ಯಾವ ಕಡೆಯಿಂದ ಬರುತ್ತೆ ಅನ್ನೋದು ಎರಡೂ ಹತ್ತಿರದಿಂದ ನೋಡಿದೀನಿ, ಅಷ್ಟನ್ನ ಹೇಳ್ತೀನಿ.

ಮೊದಲು ನಿಮ್ಮ ಅಣ್ಣನ ಮಾತು ಮುಗಿಸಿಬಿಡೋಣ. ಅನಿಮೇಷನ್, ಯುಎಕ್ಸ್, ವಿಎಫ್‌ಎಕ್ಸ್ ಇವೆಲ್ಲ ಒಳ್ಳೆ ಕೆಲಸಗಳೇ, ಆದ್ರೆ ಅಲ್ಲಿ ಏನು ಮಾಡಬೇಕು ಅಂತ ಬೇರೆಯವರು ಹೇಳ್ತಾರೆ, ಬ್ರೀಫ್ ಕೊಡ್ತಾರೆ, ಡೆಡ್‌ಲೈನ್ ಕೊಡ್ತಾರೆ, ತಿಂಗಳ ಕೊನೆಗೆ ಸಂಬಳ ಹಾಕ್ತಾರೆ. ನಿಮ್ಮ ಮಗಳು ಕೇಳ್ತಿರೋದರಲ್ಲಿ ಏನು ಮಾಡಬೇಕು ಅನ್ನೋದನ್ನೇ ತಾನು ಹುಡುಕಬೇಕು, ಯಾರೂ ಕೇಳದೇ ಇದ್ರೂ ಮಾಡಬೇಕು. ಸಾಫ್ಟ್‌ವೇರ್ ಒಂದೇ ಇರಬಹುದು, ಎರಡೂ ಕಡೆ ಅದೇ ಪ್ರೀಮಿಯರ್, ಅದೇ ಆಫ್ಟರ್ ಎಫೆಕ್ಟ್ಸ್ ಓಪನ್ ಆಗಿರುತ್ತೆ, ಬದುಕು ಮಾತ್ರ ಪೂರ್ತಿ ಬೇರೆ. ಒಂದರ ಬದಲು ಇನ್ನೊಂದಕ್ಕೆ ಸೇರಿಸಿದ್ರೆ ಹುಡುಗಿಗೆ ಗೊತ್ತಾಗದೇ ಇರಲ್ಲ.

ಇನ್ನು ಪ್ರೈಸ್ ಅವರ ವಿಷಯ. ಮಗಳ ಟೀಚರ್ ಹೇಳಿರೋದು ನಿಜ. ಎಲಿಜಬೆತ್ ಪ್ರೈಸ್ ಹುಟ್ಟಿದ್ದು 1966ರಲ್ಲಿ ಬ್ರಾಡ್‌ಫರ್ಡಲ್ಲಿ, ಬೆಳೆದದ್ದು ಲೂಟನ್ನಲ್ಲಿ, ಓದಿದ್ದು ಅಲ್ಲೇ ಕಾಂಪ್ರಿಹೆನ್ಸಿವ್ ಶಾಲೇಲಿ, ಅಂದ್ರೆ ಪ್ರವೇಶ ಪರೀಕ್ಷೆ, ಫೀಸು ಯಾವುದೂ ಇಲ್ದೆ ಎಲ್ಲ ಮಕ್ಕಳನ್ನೂ ಸೇರಿಸ್ಕೊಳ್ಳೋ ಸರ್ಕಾರಿ ಶಾಲೆ. ಅಲ್ಲಿಂದ ಆಕ್ಸ್‌ಫರ್ಡಿನ ರಸ್ಕಿನ್ ಆರ್ಟ್ ಸ್ಕೂಲ್, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್, ಆಮೇಲೆ ಲೀಡ್ಸ್ ಯೂನಿವರ್ಸಿಟಿಯಲ್ಲಿ ಫೈನ್ ಆರ್ಟ್ ಪಿಎಚ್‌ಡಿ, ಅದು ಮುಗಿದದ್ದು 1999ರಲ್ಲಿ. ಆಕ್ಸ್‌ಫರ್ಡಲ್ಲಿದ್ದಾಗ ಟಲೂಲಾ ಗಾಷ್ ಅಂತ ಒಂದು ಇಂಡಿ ಪಾಪ್ ಬ್ಯಾಂಡಲ್ಲೂ ಹಾಡ್ತಿದ್ರು, 1986ರ ಹೊತ್ತಿಗೆ ಶುರುವಾದ ಬ್ಯಾಂಡ್. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಅವರ ವಿಡಿಯೋಗಳಲ್ಲಿ ತಾಳ ಎಷ್ಟು ಗಟ್ಟಿಯಾಗಿರುತ್ತೆ ಅಂತ ನೋಡಿದವರಿಗೆ ಆ ಬ್ಯಾಂಡಿನ ದಿನಗಳು ಸುಮ್ನೆ ಹೋಗಿಲ್ಲ ಅಂತ ಅನ್ನಿಸೇ ಅನ್ನಿಸುತ್ತೆ.

ಟರ್ನರ್ ಪ್ರೈಜ್ ಬಂದದ್ದು 2012ರ ಡಿಸೆಂಬರಲ್ಲಿ, ಆಗ ಅವರಿಗೆ 46. ಗೇಟ್ಸ್‌ಹೆಡ್‌ನ ಬಾಲ್ಟಿಕ್‌ನಲ್ಲಿ, ಅದೊಂದು ದೊಡ್ಡ ಕಲಾ ಗ್ಯಾಲರಿ, ಮಾಡಿದ 'ಹಿಯರ್' ಅನ್ನೋ ಪ್ರದರ್ಶನಕ್ಕೆ ನಾಮಿನೇಟ್ ಆಗಿದ್ರು. ಡಿಗ್ರಿ ಮುಗಿದು ಇಪ್ಪತ್ತು ವರ್ಷದ ಮೇಲಾಗಿತ್ತು ಅನ್ನೋದು ಇಲ್ಲಿ ಗಮನಿಸಬೇಕಾದ ವಿಷಯ. ಆ ಇಪ್ಪತ್ತು ವರ್ಷದಲ್ಲಿ ಅವರೇನು ಮಾಡ್ತಿದ್ರು ಅನ್ನೋದ್ರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ, ಪ್ರೈಜಲ್ಲಿ ಅಲ್ಲ.

1996ರಲ್ಲಿ ಒಂದು ಕೆಲಸ ಶುರು ಮಾಡಿದ್ರು, 'ಬೌಲ್ಡರ್' ಅಂತ. ಪಾರ್ಸೆಲ್ ಕಟ್ಟೋ ಕಂದು ಟೇಪ್ ಇರುತ್ತಲ್ಲ, ಅದನ್ನೇ ಸುತ್ತಿ ಸುತ್ತಿ ಬಂಡೆ ಥರ ದೊಡ್ಡದು ಮಾಡ್ತಾ ಹೋಗೋದು. ರೋಲ್ ಮುಗಿದ್ರೆ ಇನ್ನೊಂದು ರೋಲ್. ವರ್ಷಗಟ್ಟಲೆ. ಇದನ್ನ ಯಾರು ಕೊಳ್ತಾರೆ ಅಂತ ಕೇಳೋ ಹಾಗೇ ಇಲ್ಲ, ಆದ್ರೆ ಒಂದೇ ಸಾಮಾನು ಹಿಡ್ಕೊಂಡು ಬೇಜಾರಾಗೋವರೆಗೂ, ಬೇಜಾರು ದಾಟಿ ಆಚೆಗೂ ಕೂತು ಮಾಡೋ ಆ ಸ್ವಭಾವವೇ ಮುಂದೆ ವಿಡಿಯೋಗೆ ಬಂತು. ಡಿಜಿಟಲ್ ವಿಡಿಯೋ ಕಡೆ ಅವರು ಪೂರ್ತಿ ಹೊರಳಿದ್ದು 2000ದ ದಶಕದ ಮಧ್ಯದಲ್ಲಿ, ವಯಸ್ಸು ನಲವತ್ತರ ಹತ್ತಿರ ಬಂದಿತ್ತು. 2007ರ 'ಅಟ್ ದ ಹೌಸ್ ಆಫ್ ಮಿಸ್ಟರ್ ಎಕ್ಸ್' ಅನ್ನೋದು ಕಾಸ್ಮೆಟಿಕ್ಸ್ ವ್ಯಾಪಾರದಲ್ಲಿ ದುಡ್ಡು ಮಾಡಿ ಕಲಾಕೃತಿ ಸಂಗ್ರಹಿಸಿದ ಸ್ಟ್ಯಾನ್ಲಿ ಪಿಕರ್ ಅನ್ನೋರು ಕಿಂಗ್‌ಸ್ಟನ್‌ನಲ್ಲಿ ಕಟ್ಟಿಸಿದ ಮನೆ ಮೇಲೆ ಮಾಡಿದ್ದು. ಈ ಪೂರ್ತಿ ಅವಧಿಯಲ್ಲಿ ಅವರ ಮನೆ ನಡೆಸಿದ್ದು ಪಾಠ ಹೇಳೋ ಕೆಲಸ, ಫೆಲೋಶಿಪ್ಪು, ರೆಸಿಡೆನ್ಸಿ (ಒಂದು ಸಂಸ್ಥೆ ಕರೆಸಿ ಕೆಲವು ಕಾಲ ಅಲ್ಲೇ ಕೆಲಸ ಮಾಡಿಸೋದು) ಇವುಗಳ ಜೋಡಣೆ. ರಸ್ಕಿನ್‌ನಲ್ಲಿ ಕಲಿಸಿದ್ರು, ಕಿಂಗ್‌ಸ್ಟನ್ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಆದ್ರು. ನಿಮ್ಮ ಯಜಮಾನ್ರು "ಪ್ರೊಫೆಸರ್ರು" ಅಂದಿದ್ದು ಸರಿ, ಆದ್ರೆ ಲಾಟರಿ ಅಂದಿದ್ದು ಸರಿಯಿಲ್ಲ. ಲಾಟರಿ ಹೊಡೆದವರು ಕೆಲಸ ಬಿಡ್ತಾರೆ. ಈಕೆ ಕೆಲಸ ಇಟ್ಕೊಂಡೇ ಎರಡು ದಶಕ ಸ್ಟುಡಿಯೋ ನಡೆಸಿದಾರೆ.

ಪ್ರೈಜಿನ ಮೊತ್ತ ಎಷ್ಟು ಅಂತ ಅಂದ್ಕೊಂಡಿದೀರಿ, 25,000 ಪೌಂಡು. ಲಂಡನ್ನಲ್ಲಿ ಬಾಡಿಗೆ ಕಟ್ಕೊಂಡು ಇರೋರಿಗೆ ಒಂದು ವರ್ಷಕ್ಕೂ ಸರಿಯಾಗಿ ಸಾಲಲ್ಲ. ಅದರಿಂದ ಬಾಗಿಲು ತೆಗೆಯುತ್ತೆ ನಿಜ, ಮುಂದಿನ ಕಮಿಷನ್, ಅಂದ್ರೆ ಹೊಸ ಕೃತಿ ಮಾಡಿಕೊಡಿ ಅಂತ ದುಡ್ಡು ಕೊಟ್ಟು ಒಪ್ಪಿಸೋ ಕೆಲಸ‌ಗಳು ಸುಲಭವಾಗಿ ಸಿಗುತ್ತವೆ, ಮ್ಯೂಸಿಯಂನವರು ಫೋನ್ ಎತ್ತುತಾರೆ. ಆದ್ರೆ ಅದನ್ನ ನಂಬ್ಕೊಂಡು ಯಾರೂ ಜೀವನ ಪ್ಲಾನ್ ಮಾಡೋ ಹಾಗಿಲ್ಲ.

ಅವರ ಕೆಲಸ ನೀವೇ ನೋಡಿಲ್ಲ ಅಂತ ಅನ್ಸುತ್ತೆ, ಹಾಗಾಗಿ ಒಂದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದನ್ನ ತಿಳ್ಕೊಳ್ದೆ ಮಗಳ ಆಸೆ ಅರ್ಥ ಆಗಲ್ಲ. 'ದ ವೂಲ್‌ವರ್ತ್ಸ್ ಕ್ವಾಯರ್ ಆಫ್ 1979' ಅಂತ, 20 ನಿಮಿಷದ ಆಸುಪಾಸಿನ ವಿಡಿಯೋ, ಟರ್ನರ್ ಪ್ರದರ್ಶನದಲ್ಲಿ ಲಂಡನ್ನಿನ ಮ್ಯೂಸಿಯಂ ಟೇಟ್ ಬ್ರಿಟನ್‌ನಲ್ಲಿ ತೋರಿಸಿದ್ದು ಇದನ್ನೇ. ಶುರುವಾಗೋದು ಚರ್ಚುಗಳ ಕಪ್ಪು ಬಿಳುಪು ಫೋಟೋಗಳಿಂದ, ಹಳೇ ಗಾಥಿಕ್ ಚರ್ಚಲ್ಲಿ ಹಾಡುಗಾರರು ಕೂರೋ ಜಾಗ ಹೇಗಿರುತ್ತೆ, ಮರದ ಕೆತ್ತನೆ ಏನು, ಕಲ್ಲಿನ ಮೂರ್ತಿಯ ಕೈ ಹೇಗೆ ತಿರುಗಿದೆ ಅಂತ, ಯಾವುದೋ ಲೆಕ್ಚರ್ ಸ್ಲೈಡ್ ನೋಡಿದ ಹಾಗೆ. ವಾಯ್ಸ್ ಓವರ್ ಇಲ್ಲ, ಬರೀ ಅಕ್ಷರಗಳು ಸ್ಕ್ರೀನ್ ಮೇಲೆ ಬಂದು ಬಂದು ಹೋಗ್ತವೆ. ಇದ್ದಕ್ಕಿದ್ದ ಹಾಗೆ ಚಪ್ಪಾಳೆ, ಚಿಟಿಕೆ ಸದ್ದು, 60ರ ದಶಕದ ಶಾಂಗ್ರಿ-ಲಾಸ್ ಅನ್ನೋ ಹುಡುಗಿಯರ ಪಾಪ್ ಗುಂಪು, ಅವರ ಹಾಗೇ ಬೇರೆ ಹಾಡುಗಾರ್ತಿಯರು, ಕೈ ಬೀಸ್ತಾ ಕುಣೀತಾ. ಆಮೇಲೆ ಮೂರನೇ ಭಾಗ. 1979ರ ಮೇ 8ರಂದು ಮ್ಯಾಂಚೆಸ್ಟರಿನ ವೂಲ್‌ವರ್ತ್ಸ್ ಅಂಗಡಿಗೆ ಬೆಂಕಿ ಬಿತ್ತು, ಮಹಡಿ ಮೇಲೆ ಫರ್ನಿಚರ್ ಇಟ್ಟಿದ್ದ ಕಡೆ ಹೊತ್ಕೊಂಡಿದ್ದು, ಸೋಫಾ ಒಳಗಿನ ಫೋಮ್ ಉರಿದು ದಟ್ಟ ವಿಷದ ಹೊಗೆ, 10 ಜನ ತೀರ್ಕೊಂಡ್ರು. ಅವತ್ತಿನ ಟೀವಿ ನ್ಯೂಸ್ ಫೂಟೇಜ್ ಬರುತ್ತೆ, ಸರಳು ಹಾಕಿದ ಕಿಟಕಿಯಿಂದ ಯಾರದೋ ಒಂದು ಕೈ ಆಚೆ ಬಂದು ಬೀಸ್ತಿರುತ್ತೆ. ಚರ್ಚಿನ ಕಲ್ಲಿನ ಕೈ, ಹಾಡುಗಾರ್ತಿಯರ ಕೈ, ಈ ಕೈ, ಮೂರೂ ಒಂದೇ ತಿರುವು. ಕತ್ತಲೆ ಕೋಣೇಲಿ ಸಬ್‌ವೂಫರ್ ಜೋರಾಗಿ ಹೊಡೀತಿರುವಾಗ ಅದನ್ನ ನೋಡಿದ್ರೆ ಎದೆ ಹಿಡಿದ ಹಾಗಾಗುತ್ತೆ, ನಾನು ಎಷ್ಟೋ ವಿಡಿಯೋ ಹಾಕಿದೀನಿ, ತೆಗೆದಿದೀನಿ, ಇದರ ಮುಂದೆ ಮಾತ್ರ ನಂಗೆ ಮಾತು ಬರಲ್ಲ.

ಆ ಬೆಂಕಿಯಂಥ ದುರಂತಗಳ ನಂತರವೇ ಇಲ್ಲಿ ಸೋಫಾ, ಹಾಸಿಗೆಗಳಿಗೆ 1988ರಲ್ಲಿ ಅಗ್ನಿ ಸುರಕ್ಷತೆ ಕಾನೂನು ಬಂತು. ನಿಮ್ಮ ಮನೆ ಸೋಫಾ ಕೆಳಗೆ ಹೊಲಿದಿರೋ ಲೇಬಲ್ ಇದೆಯಲ್ಲ, ಅದು ಈ ಕಾನೂನಿನದೇ.

ಈಗ ಇದನ್ನ ಮಾಡೋಕೆ ಏನು ಬೇಕಾಯ್ತು ನೋಡಿ. ದೊಡ್ಡ ಕ್ಯಾಮೆರಾ ಬೇಡ, ನಟರು ಬೇಡ. ಆರ್ಕೈವ್‌ಗಳಲ್ಲಿ ಕೂತು ಹುಡುಕಬೇಕು, ಫೂಟೇಜ್ ಬಳಸೋಕೆ ಪರ್ಮಿಶನ್ ತಗೋಬೇಕು, ಆಮೇಲೆ ಒಬ್ಬರೇ ಕಂಪ್ಯೂಟರ್ ಮುಂದೆ ತಿಂಗಳುಗಟ್ಟಲೆ ಫ್ರೇಮ್ ಫ್ರೇಮ್ ಕತ್ತರಿಸಿ ಜೋಡಿಸಬೇಕು. ಅಂದ್ರೆ ಬೇಕಾಗಿರೋ ಮುಖ್ಯ ಸಾಮಾನು ಸಮಯ, ಮತ್ತೆ ಸಮಯ ಅಂದ್ರೆ ದುಡ್ಡು. ಇಲ್ಲೇ ನಿಮ್ಮ ಎರಡನೇ ಪ್ರಶ್ನೆ ಬರೋದು, ಯಾರು ಕೊಡ್ತಾರೆ ಆ ದುಡ್ಡು.

ಮಾರಾಟದಿಂದ ಶುರು ಮಾಡ್ತೀನಿ. ಕಾಪಿ ಮಾಡ್ಕೊಂಡ್ರೆ ಆಯ್ತಲ್ಲ ಅಂದ್ರಿ, ಫೈಲ್ ಕಾಪಿ ಆಗುತ್ತೆ ನಿಜ. ಆದ್ರೆ ವಿಡಿಯೋ ಕೃತಿ ಮಾರೋದು ಎಡಿಷನ್ ಲೆಕ್ಕದಲ್ಲಿ. ಕಲಾವಿದರು ಇದು ಐದೇ ಎಡಿಷನ್, ಜೊತೆಗೆ ನನ್ನ ಹತ್ರ ಒಂದೋ ಎರಡೋ ಪ್ರತಿ ಅಂತ ಬರೆದುಕೊಡ್ತಾರೆ, ಮೂರೂ ಇರಬಹುದು ಆರೂ ಇರಬಹುದು. ಮ್ಯೂಸಿಯಂ ಕೊಂಡ್ಕೊಂಡಾಗ ನಮ್ಮ ಕೈಗೆ ಬರೋದು ಒಂದು ಪೆಟ್ಟಿಗೆ. ಅದರಲ್ಲಿ ಹಾರ್ಡ್ ಡ್ರೈವಲ್ಲಿ ಮಾಸ್ಟರ್ ಫೈಲ್, ಪ್ರದರ್ಶನಕ್ಕೆ ಬಳಸೋ ಬೇರೆ ಫೈಲ್, ಸಹಿ ಹಾಕಿದ ಸರ್ಟಿಫಿಕೇಟು, ಮತ್ತೆ ಇನ್‌ಸ್ಟಲೇಷನ್ ಹೇಗೆ ಮಾಡಬೇಕು ಅಂತ ಒಂದು ಪುಸ್ತಕ: ಕೋಣೆ ಕನಿಷ್ಠ ಎಷ್ಟು ಉದ್ದ ಇರಬೇಕು, ಗೋಡೆ ಬಣ್ಣ ಎಷ್ಟು ಕಪ್ಪು, ನೆಲಕ್ಕೆ ಕಾರ್ಪೆಟ್ ಬೇಕಾ, ಸ್ಪೀಕರ್ ಎಲ್ಲಿ, ವಾಲ್ಯೂಮ್ ಎಷ್ಟು, ಬಾಗಿಲಿಂದ ಬೆಳಕು ಬರದ ಹಾಗೆ ಹೇಗೆ ಮಾಡೋದು. ಊರಲ್ಲಿ ಸೈಟ್ ತಗೊಂಡಾಗ ಮಣ್ಣಿಗಿಂತ ಖಾತೆ ಪತ್ರಕ್ಕೆ ಬೆಲೆ ಅಲ್ವಾ, ಇಲ್ಲಿ ಆ ಸರ್ಟಿಫಿಕೇಟ್ ಹಾಗೆ. ಅದಿಲ್ದೆ ಬರೀ ಫೈಲ್ ಇಟ್ಕೊಂಡವರಿಗೆ ಅದನ್ನ ತೋರಿಸೋ ಹಕ್ಕೂ ಇಲ್ಲ, ಮಾರೋ ಹಕ್ಕೂ ಇಲ್ಲ.

ಆದ್ರೆ ನಿಜ ಹೇಳಬೇಕು ಅಂದ್ರೆ ವಿಡಿಯೋ ಕೊಳ್ಳೋರು ಕಮ್ಮಿ. ಮನೆ ಗೋಡೆಗೆ ಪೇಂಟಿಂಗ್ ಹಾಕೋರು ನೂರಾರು ಜನ ಇದ್ರೆ ಮನೇಲಿ ಕತ್ತಲೆ ಕೋಣೆ ಕಟ್ಟಿಸೋರು ಎಷ್ಟು ಜನ. ಹಾಗಾಗಿ ಕೊಳ್ಳೋದು ಹೆಚ್ಚಾಗಿ ಮ್ಯೂಸಿಯಂ, ಫೌಂಡೇಶನ್‌ಗಳು. ಮಾರಾಟವಾದ ದುಡ್ಡಲ್ಲಿ ಸಾಮಾನ್ಯವಾಗಿ ಅರ್ಧ ಗ್ಯಾಲರಿಯವರಿಗೆ. ಅದೊಂದರಿಂದಲೇ ಮನೆ ನಡೆಸೋ ವಿಡಿಯೋ ಕಲಾವಿದರು ಬೆರಳೆಣಿಕೆಯಷ್ಟು.

ಉಳಿದವರನ್ನ ನಡೆಸೋದು ಕಮಿಷನ್. ಬ್ರಿಟನ್‌ನಲ್ಲಿ ಇದಕ್ಕೆ ಒಂದು ವ್ಯವಸ್ಥೆನೇ ಇದೆ: ಆರ್ಟ್ಸ್ ಕೌನ್ಸಿಲ್, ನ್ಯಾಷನಲ್ ಲಾಟರಿ ದುಡ್ಡು, ಕಲಾವಿದರಿಂದ ಹೊಸ ಕೃತಿ ಮಾಡಿಸೋ ಫಿಲ್ಮ್ ಅಂಡ್ ವಿಡಿಯೋ ಅಂಬ್ರೆಲಾ, ಆರ್ಟ್‌ಏಂಜೆಲ್ ಅನ್ನೋ ಸಂಸ್ಥೆಗಳು, ಕೃತಿಗಳನ್ನ ಬಾಡಿಗೆಗೆ ಕಳಿಸೋ ಲಕ್ಸ್ ಅನ್ನೋ ಸಂಸ್ಥೆ, ಫಿಲ್ಮ್ ಲಂಡನ್‌ನವರು 2008ರಿಂದ ಕೊಡ್ತಿರೋ ಜಾರ್ಮನ್ ಅವಾರ್ಡು. ಪ್ರೈಸ್ ಅವರ 'ಸ್ಲೋ ಡಾನ್ಸ್' ಅನ್ನೋ ಮೂರು ವಿಡಿಯೋಗಳ ಕೆಲಸಕ್ಕೆ ಆರ್ಟ್‌ಏಂಜೆಲ್, ಫಿಲ್ಮ್ ಅಂಡ್ ವಿಡಿಯೋ ಅಂಬ್ರೆಲಾ, ನಾಟಿಂಗ್‌ಹ್ಯಾಮ್ ಕಂಟೆಂಪರರಿ, ಅಮೆರಿಕದ ವಾಕರ್ ಆರ್ಟ್ ಸೆಂಟರ್ ಇಷ್ಟೂ ಕಡೆ ಸೇರಿ ಬೆನ್ನಿಗೆ ನಿಂತಿದ್ವು. ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮತ್ತು ಪಿಟ್ ರಿವರ್ಸ್ ಮ್ಯೂಸಿಯಂಗಳ ಸಂಗ್ರಹ ಇಟ್ಕೊಂಡು 2016ರಲ್ಲಿ ಮಾಡಿದ 'ಎ ರೆಸ್ಟೊರೇಷನ್'ಗೆ ಕಂಟೆಂಪರರಿ ಆರ್ಟ್ ಸೊಸೈಟಿಯ ಪ್ರಶಸ್ತಿ ಹಣ ಇತ್ತು. 2022ರಲ್ಲಿ ಗ್ಲಾಸ್ಗೋ ಯೂನಿವರ್ಸಿಟಿಯ ಮ್ಯೂಸಿಯಂ ಹಂಟೇರಿಯನ್‌ನಲ್ಲಿ 'ಅಂಡರ್‌ಫುಟ್' ಅಂತ ಮಾಡಿದ್ರು, ಅಲ್ಲಿನ ಹಳೇ ಕಾರ್ಪೆಟ್ ಕಾರ್ಖಾನೆಗಳ ದಾಖಲೆಗಳ ಮೇಲೆ. ನೋಡಿ, ಎಲ್ಲ ಕಡೆ ಒಂದಲ್ಲ ಒಂದು ಮ್ಯೂಸಿಯಂ, ಯೂನಿವರ್ಸಿಟಿ, ಸಾರ್ವಜನಿಕ ದುಡ್ಡು. ಪ್ರೈಸ್ ಕೂಡ ಟರ್ನರ್ ತಗೊಂಡ ದಿನ ಇದನ್ನೇ ಹೇಳಿದ್ದು, ಲೂಟನ್ನಿನ ಕಾಂಪ್ರಿಹೆನ್ಸಿವ್ ಶಾಲೆಯ ಹುಡುಗಿಗೆ ಇದು ಸಾಧ್ಯ ಆಗಿದ್ದು ಕಲೆಗೆ ಸಿಗ್ತಿದ್ದ ಸಾರ್ವಜನಿಕ ಬೆಂಬಲದಿಂದ ಅನ್ನೋ ಅರ್ಥದಲ್ಲಿ. ಆಗ ಸರ್ಕಾರ ಶಾಲೆಗಳಲ್ಲಿ ಆರ್ಟ್ ವಿಷಯವನ್ನ ಮುಖ್ಯ ವಿಷಯಗಳ ಪಟ್ಟಿಯಿಂದ ಆಚೆ ಇಡೋಕೆ ಹೊರಟಿತ್ತು, ಆಕೆಗೆ ಅದು ಸಿಟ್ಟು ಬರಿಸಿತ್ತು, ಬರಬೇಕಾದ ಸಿಟ್ಟೇ.

ಇಲ್ಲಿ ಒಂದು ವಿಷಯ ನಿಮ್ಮ ಮಗಳಿಗೆ ಯಾರೂ ಹೇಳಿರಲ್ಲ, ನೀವು ಹೇಳಿ. ಪ್ರೈಸ್ ಡಿಗ್ರಿ ಓದಿದ ಕಾಲಕ್ಕೆ ಇಲ್ಲಿನ ವಿದ್ಯಾರ್ಥಿಗಳು ಯೂನಿವರ್ಸಿಟಿ ಫೀಸೇ ಕಟ್ಟಬೇಕಿರಲಿಲ್ಲ. ಇಲ್ಲಿ ಫೀಸ್ ಶುರುವಾಗಿದ್ದು 1998ರಲ್ಲಿ. 2006ರಲ್ಲಿ ವರ್ಷಕ್ಕೆ 3,000 ಪೌಂಡ್ ಆಯ್ತು, 2012ರಲ್ಲಿ 9,000, ಅಂದ್ರೆ ಆಕೆ ಪ್ರೈಜ್ ಗೆದ್ದ ವರ್ಷವೇ. 2025-26ಕ್ಕೆ 9,535. ಈ ನಡುವೆ 2021ರಲ್ಲಿ ಆರ್ಟ್ ಕೋರ್ಸುಗಳಿಗೆ ಯೂನಿವರ್ಸಿಟಿಗಳಿಗೆ ಕೊಡ್ತಿದ್ದ ಹೆಚ್ಚುವರಿ ಅನುದಾನ ಅರ್ಧಕ್ಕೆ ಇಳಿಸಿದ್ರು. ಪ್ರೈಸ್ ಥರದವರನ್ನ ಇಪ್ಪತ್ತು ವರ್ಷ ಹೊತ್ತಿದ್ದ ಪಾಠದ ನೌಕರಿಗಳೇ ಈಗ ಕಮ್ಮಿ ಆಗ್ತಿವೆ, ಇದ್ದವೂ ಎಷ್ಟೋ ಗಂಟೆ ಲೆಕ್ಕದ ಕಾಂಟ್ರಾಕ್ಟು. ಗ್ಲಾಸ್ಗೋ ಯೂನಿವರ್ಸಿಟಿಯವರು ಡ್ಯಾಕ್ಸ್ ಅನ್ನೋ ಕಲಾವಿದರ ಹಕ್ಕಿನ ಸಂಸ್ಥೆಗೆ 2024ರಲ್ಲಿ ಮಾಡಿಕೊಟ್ಟ ಸಮೀಕ್ಷೆ ಪ್ರಕಾರ ದೃಶ್ಯ ಕಲಾವಿದರಿಗೆ ಕಲೆಯಿಂದ ಬರೋ ವರ್ಷದ ಮಧ್ಯಕ ಆದಾಯ 12,500 ಪೌಂಡ್, ಅಂದ್ರೆ ಅರ್ಧ ಜನಕ್ಕೆ ಅದಕ್ಕಿಂತ ಕಮ್ಮಿ. 2010ರಿಂದ ಶೇಕಡಾ 40ರಷ್ಟು ಇಳಿದಿದೆ. ಈ ನಂಬರ್ ಮಗಳ ಮುಂದೆ ಇಡಿ, ಬಚ್ಚಿಡಬೇಡಿ. ಹೆದರಿಸೋಕೆ ಅಂತ ಅಲ್ಲ, ಹದಿನೇಳರ ಹುಡುಗಿಗೆ ನಿಜದ ಲೆಕ್ಕ ಕೊಟ್ರೆ ಅವಳು ಅದನ್ನ ಇಟ್ಕೊಂಡು ಯೋಚನೆ ಮಾಡ್ತಾಳೆ, ಬರೀ ಬೇಡ ಅಂದ್ರೆ ಜಗಳ ಮಾಡ್ತಾಳೆ.

ವಿಡಿಯೋ ಅಂದ್ರೆ ಇಲ್ಲಿ ಯಾರೂ ಲೆಕ್ಕಕ್ಕಿಡಲ್ಲ ಅಂತನೂ ಕೆಲವರು ಹೇಳ್ತಾರೆ, ಅದು ಸುಳ್ಳು. 1996ರಲ್ಲಿ ಡಗ್ಲಸ್ ಗಾರ್ಡನ್, 1997ರಲ್ಲಿ ಗಿಲಿಯನ್ ವೇರಿಂಗ್, 1999ರಲ್ಲಿ ಸ್ಟೀವ್ ಮೆಕ್ವೀನ್, 2008ರಲ್ಲಿ ಮಾರ್ಕ್ ಲೆಕಿ, 2012ರಲ್ಲಿ ಪ್ರೈಸ್, ಮುಂದಿನ ಎರಡು ವರ್ಷ ಲೋರ್ ಪ್ರುವೋ, ಡಂಕನ್ ಕ್ಯಾಂಬೆಲ್, 2018ರಲ್ಲಿ ಐಫೋನಲ್ಲಿ ಶೂಟ್ ಮಾಡಿದ ಕೃತಿಗೆ ಶಾರ್ಲೆಟ್ ಪ್ರಾಜರ್, ಇಷ್ಟೂ ಜನ ಟರ್ನರ್ ಗೆದ್ದಿರೋದು ವಿಡಿಯೋ, ಫಿಲ್ಮ್ ಕೆಲಸ ಮಾಡಿ. ಗೌರವಕ್ಕೆ ಕೊರತೆ ಇಲ್ಲ, ಕೊರತೆ ಇರೋದು ತಿಂಗಳ ಖರ್ಚಿಗೆ.

ಆಕ್ಸ್‌ಫರ್ಡ್ ಇದ್ದದ್ದಕ್ಕೇ ಆಯ್ತು ಅನ್ನೋ ಮಾತಿಗೂ ಇವರಲ್ಲೇ ಉತ್ತರ ಇದೆ. ಮಾರ್ಕ್ ಲೆಕಿ ಬರ್ಕನ್‌ಹೆಡ್ ಕಡೆಯವರು, ಶಾಲೆ ಬೇಗ ಬಿಟ್ಟವರು, ಆಮೇಲೆ ನ್ಯೂಕಾಸಲ್ ಪಾಲಿಟೆಕ್ನಿಕ್‌ನಲ್ಲಿ ಆರ್ಟ್ ಓದಿದ್ದು. ಅವರ ಹೆಸರು ಮಾಡಿದ 'ಫಿಯೊರುಚಿ ಮೇಡ್ ಮಿ ಹಾರ್ಡ್‌ಕೋರ್' 1999ರದ್ದು, ಹಳೇ ಡಾನ್ಸ್ ಕ್ಲಬ್‌ಗಳ ವಿಎಚ್‌ಎಸ್ ಫೂಟೇಜ್ ಜೋಡಿಸಿದ ಹದಿನೈದು ನಿಮಿಷ, ಆಗ ಅವರಿಗೆ ಮೂವತ್ತೈದು. ಅವರೂ ಫ್ರಾಂಕ್‌ಫರ್ಟಿನ ಸ್ಟೇಡೆಲ್ ಆರ್ಟ್ ಸ್ಕೂಲಲ್ಲಿ ಪಾಠ ಮಾಡಿದ್ರು. ಯಾವ ಕಾಲೇಜು ಅನ್ನೋದರಲ್ಲಿ ಇಬ್ಬರಿಗೂ ಹೋಲಿಕೆ ಇಲ್ಲ, ತಡವಾಗಿ ಹಣ್ಣಾದದ್ದು ಮತ್ತೆ ಪಕ್ಕದಲ್ಲಿ ಪಾಠದ ನೌಕರಿ ಇದ್ದದ್ದು ಇಬ್ಬರಲ್ಲೂ ಇದೆ.

ಇಷ್ಟು ತಡ ಯಾಕಾಗುತ್ತೆ ಅಂದ್ರೆ, ನಾನು ನೋಡಿರೋ ಮಟ್ಟಿಗೆ, ಈ ಕೆಲಸದಲ್ಲಿ ಕೌಶಲ್ಯ ಬೇಗ ಬರುತ್ತೆ, ವಿಷಯ ಬೇಗ ಬರಲ್ಲ. ಎಡಿಟಿಂಗ್ ಒಂದು ವರ್ಷದಲ್ಲಿ ಕಲೀಬಹುದು. ಆದ್ರೆ ಯಾವುದರ ಮೇಲೆ ಎರಡು ವರ್ಷ ಕೂರಬೇಕು ಅಂತ ಗೊತ್ತಾಗೋಕೆ ಓದು ಬೇಕು, ಲೋಕ ನೋಡಿರಬೇಕು, ಕೈಗೆ ಸಿಕ್ಕಿದ್ದನ್ನ ಮುಗಿಸದೇ ಬಿಡದ ಹಟ ಬೇಕು. ಕ್ಲಾಸಲ್ಲಿ ಮಿಂಚಿನ ಥರ ಶೋರೀಲ್ ತಂದ ಮಕ್ಕಳು ಎರಡನೇ ವರ್ಷಕ್ಕೆ ಬೇಜಾರಾಗಿ ಹೋಗೋದು ನೋಡಿದೀನಿ, ಮಾತೇ ಆಡದ ಮಕ್ಕಳು ಒಂದೇ ಒಂದು ಹಳೇ ಟೇಪ್ ರೆಕಾರ್ಡಿಂಗ್ ಹಿಡ್ಕೊಂಡು ಮೂರು ವರ್ಷ ಕೂತು ಎಲ್ಲರನ್ನೂ ನಿಲ್ಲಿಸಿ ನೋಡೋ ಹಾಗೆ ಮಾಡೋದೂ ನೋಡಿದೀನಿ. ಹಾಗಾಗಿ ನಿಮ್ಮ ಮಗಳಿಗೆ ಟ್ಯಾಲೆಂಟ್ ಇದೆಯಾ ಅಂತ ನನ್ನನ್ನ ಕೇಳಬೇಡಿ, ನೀವೇ ಒಂದು ನೋಡಿ: ಮಾರ್ಕ್ಸ್ ಇಲ್ದೆ, ಯಾರೂ ಹೇಳದೆ, ಅವಳು ಶುರು ಮಾಡಿ ಮುಗಿಸಿದ್ದು ಏನಾದ್ರೂ ಇದೆಯಾ. ಮೂರು ನಿಮಿಷದ್ದಾದ್ರೂ ಪರವಾಗಿಲ್ಲ. ಮುಗಿಸೋ ಅಭ್ಯಾಸ ಇದ್ರೆ ನಂಗೆ ಧೈರ್ಯ ಬರುತ್ತೆ.

ಈಗ ದಾರಿಗಳು. ನಾನು ನಿಮ್ಮ ಜಾಗದಲ್ಲಿದ್ರೆ ಮೊದಲು ನೋಡೋದು ಫೌಂಡೇಶನ್ ಡಿಪ್ಲೊಮಾ. ಎ ಲೆವೆಲ್ ಆದ ಮೇಲೆ ಒಂದು ವರ್ಷ, ಆರ್ಟ್ ಕಾಲೇಜುಗಳಲ್ಲೂ ಲೋಕಲ್ ಕಾಲೇಜುಗಳಲ್ಲೂ ಇರುತ್ತೆ, 19 ತುಂಬೋಕೆ ಮುಂಚೆ ಸೇರಿದ್ರೆ ಇಂಗ್ಲೆಂಡಲ್ಲಿ ಸಾಮಾನ್ಯವಾಗಿ ಟ್ಯೂಷನ್ ಫೀಸ್ ಇರಲ್ಲ. ಡ್ರಾಯಿಂಗ್, ಶಿಲ್ಪ, ಫಿಲ್ಮ್, ಗ್ರಾಫಿಕ್ಸ್ ಎಲ್ಲದರಲ್ಲೂ ಕೈ ಆಡಿಸಿ ತನಗೆ ಯಾವುದು ಅಂತ ಕಂಡ್ಕೊಳ್ತಾರೆ. ಇದರಲ್ಲಿರೋ ತೊಂದರೆ ಅಂದ್ರೆ ಆ ವರ್ಷಕ್ಕೆ ಸ್ಟೂಡೆಂಟ್ ಮೇಂಟೆನೆನ್ಸ್ ಲೋನ್ ಸಿಗಲ್ಲ, ಮನೇಲೇ ಇದ್ದು ಓದೋದು ಲೇಸು, ಮತ್ತೆ ಒಂದು ವರ್ಷ ಹಿಂದೆ ಬಿದ್ದಳು ಅಂತ ನೆಂಟರು ಮಾತಾಡ್ತಾರೆ. ಮಾತಾಡಲಿ ಬಿಡಿ. ಸಾಲ ಇಲ್ದೆ ಒಂದು ವರ್ಷ ಪರೀಕ್ಷೆ ಮಾಡಿ ನೋಡೋ ಅವಕಾಶ ಇದಕ್ಕಿಂತ ಒಳ್ಳೇದು ಸಿಗಲ್ಲ. ಅಲ್ಲಿ ಅವಳಿಗೆ ಗ್ರಾಫಿಕ್ಸೋ ಅನಿಮೇಷನ್ನೋ ಇಷ್ಟ ಆದ್ರೆ ನಿಮ್ಮಣ್ಣನ ಮಾತೂ ನಡೆಯುತ್ತೆ, ಆದ್ರೆ ಅದು ಅವಳೇ ಕಂಡ್ಕೊಂಡ ಹಾಗಿರುತ್ತೆ.

ನೇರ ಫೈನ್ ಆರ್ಟ್ ಬಿಎ ಮೂರು ವರ್ಷ, ಫೀಸು, ಖರ್ಚು ಎಲ್ಲ ಲೋನ್ ಮೇಲೆ. ಪ್ಲಾನ್ 5 ಅನ್ನೋ ಈಗಿನ ಲೋನ್ ನಿಯಮದ ಪ್ರಕಾರ ವರ್ಷಕ್ಕೆ 25,000 ಪೌಂಡ್ ಮೇಲೆ ದುಡಿದ ಭಾಗಕ್ಕೆ ಮಾತ್ರ ಶೇಕಡಾ 9 ಕಟ್ಟಬೇಕು, 40 ವರ್ಷ ಆದ ಮೇಲೆ ಉಳಿದದ್ದು ಮನ್ನಾ. ಊರಿನ ಬ್ಯಾಂಕ್ ಸಾಲದ ಥರ ಅಪ್ಪನ ಮನೆ ಅಡ ಇಡೋದಲ್ಲ, ಅದೊಂದು ನೆಮ್ಮದಿ. ಆದ್ರೆ 40 ವರ್ಷ ಅನ್ನೋದು ಸಣ್ಣದಲ್ಲ, ಅವಳಿಗೆ ಅರವತ್ತಾಗೋವರೆಗೂ ಸಂಬಳದಲ್ಲಿ ಹಿಡೀತಾ ಇರುತ್ತಾರೆ. ಕಾಲೇಜ್ ಆರಿಸೋವಾಗ ರ‍್ಯಾಂಕಿಂಗ್ ಬಿಟ್ಟು ಓಪನ್ ಡೇ ದಿನ ಹೋಗಿ ಇಷ್ಟು ಕೇಳಿ: ಎಡಿಟ್ ಸೂಟ್ ಎಷ್ಟು ಗಂಟೆ ತೆರೆದಿರುತ್ತೆ, ವಿಡಿಯೋ ಸೌಂಡ್‌ಗೆ ಅಂತ ಪರ್ಮನೆಂಟ್ ಟೆಕ್ನೀಷಿಯನ್ ಇದಾರಾ, ಪ್ರೊಜೆಕ್ಟರ್ ಮನೆಗೆ ಕೊಡ್ತಾರಾ, ಪ್ರತಿ ವಿದ್ಯಾರ್ಥಿಗೆ ಸ್ಟುಡಿಯೋ ಜಾಗ ಇದೆಯಾ. ಟೆಕ್ನೀಷಿಯನ್‌ಗಳನ್ನ ತೆಗೆದು ಹಾಕಿರೋ ಕಾಲೇಜಲ್ಲಿ ಗೋಡೆ ಎಷ್ಟು ಚೆನ್ನಾಗಿದ್ರೂ ಸೇರಿಸಬೇಡಿ. ಪೋರ್ಟ್‌ಫೋಲಿಯೋ, ಅಂದ್ರೆ ಅರ್ಜಿ ಜೊತೆ ತೋರಿಸೋ ತನ್ನ ಕೆಲಸಗಳ ವಿಷಯಕ್ಕೆ ಬಂದ್ರೆ, ಇಲ್ಲಿ ಚಂದದ ಚಿತ್ರಕ್ಕಿಂತ ಸ್ಕೆಚ್‌ಬುಕ್ ಹೆಚ್ಚು ನೋಡ್ತಾರೆ, ಹೇಗೆ ಯೋಚನೆ ಮಾಡಿದಳು, ಎಲ್ಲಿ ಕೆಟ್ಟಿತು, ಆಮೇಲೆ ಏನು ಮಾಡಿದಳು ಅನ್ನೋದು ಕಾಣಬೇಕು.

ಮೂರನೇದು, ಇಂಗ್ಲಿಷ್ ಥರದ ಡಿಗ್ರಿ ಮಾಡಿ, ಪಕ್ಕದಲ್ಲಿ ವಿಡಿಯೋ ಮಾಡ್ತಾ, ಆಮೇಲೆ ಆರ್ಟ್‌ನಲ್ಲಿ ಎಂಎ. ನಿಮ್ಮ ಯಜಮಾನ್ರಿಗೆ ಇದು ಹಿಡಿಸುತ್ತೆ. ಕೆಲವರಿಗೆ ಚೆನ್ನಾಗೇ ಒದಗುತ್ತೆ, ಆರ್ಕೈವ್ ಓದೋ ಶಿಸ್ತು ಬರುತ್ತೆ. ಆದ್ರೆ ಅಪಾಯನೂ ಹೇಳ್ತೀನಿ, ಪಕ್ಕದಲ್ಲಿ ಮಾಡ್ತೀನಿ ಅಂದದ್ದು ಮೊದಲ ಸೆಮಿಸ್ಟರ್‌ಗೇ ನಿಂತು ಹೋಗುತ್ತೆ, ಜೊತೆಗೆ ಆರ್ಟ್ ಸ್ಕೂಲಲ್ಲಿ ಸಿಗೋ ಜೊತೆಗಾರರು ಸಿಗಲ್ಲ. ಈ ಲೈನಲ್ಲಿ ಮುಂದೆ ಶೋ ಕೊಡಿಸೋದು, ಸ್ಟುಡಿಯೋ ಹಂಚ್ಕೊಳ್ಳೋದು ಎಲ್ಲ ಆ ಜೊತೆಗಾರರೇ.

ಯಾವ ದಾರಿ ಹಿಡಿದ್ರೂ ಮನೆ ನಡೆಸೋಕೆ ಒಂದು ಕೈಕೆಲಸ ಮೊದಲ ದಿನದಿಂದಲೇ ಕಲೀಲಿ. ನಾನು ಮಾಡೋ ಕೆಲಸನೇ ತಗೊಳ್ಳಿ. ಪ್ರೊಜೆಕ್ಟರ್ ಅಲೈನ್ ಮಾಡೋದು, ಮೂರು ಸ್ಕ್ರೀನ್ ಒಂದೇ ಫ್ರೇಮಿಗೆ ಸಿಂಕ್ ಮಾಡೋದು, ಹಳೇ ಟೇಪ್ ಡಿಜಿಟೈಸ್ ಮಾಡೋದು, ಸಬ್‌ಟೈಟಲ್, ಸೌಂಡ್ ಮಿಕ್ಸಿಂಗ್, ಇದಕ್ಕೆಲ್ಲ ಮ್ಯೂಸಿಯಂಗಳಲ್ಲಿ ಜನ ಬೇಕು. ಫಿಸಿಕ್ಸ್ ಓದಿದ ಹುಡುಗಿಗೆ ಇದು ಇನ್ನೂ ಸಲೀಸು. ಫ್ರೀಲ್ಯಾನ್ಸ್ ಜಾಸ್ತಿ, ಪ್ರದರ್ಶನ ಬದಲಾಗೋ ವಾರಗಳಲ್ಲಿ ರಾತ್ರಿ ಹಗಲು ಕೆಲಸ, ಆಗಸ್ಟಲ್ಲಿ ಏನೂ ಇರಲ್ಲ, ಪೆನ್ಷನ್ ನಾವೇ ಕಟ್ಕೋಬೇಕು. ಆದ್ರೂ ಒಳ್ಳೊಳ್ಳೆ ಕೃತಿಗಳ ಒಳಗೆ ಕೈ ಹಾಕಿ ಕಲಿಯೋ ಅವಕಾಶ ಸಿಗುತ್ತೆ, ನಂಗೆ ಇದರಿಂದಲೇ ಮನೆ ನಡೆದಿದೆ. ಎಐ ಬಂದು ಎಲ್ಲ ಮಾಡುತ್ತೆ ಅಂತ ಯಾರಾದ್ರೂ ಹೆದರಿಸಿದ್ರೆ, ಪ್ರೈಸ್ ಕೆಲಸದ ಬಹುಪಾಲು ಆರ್ಕೈವಿನ ಧೂಳಲ್ಲಿ ಯಾವುದನ್ನ ಎತ್ಕೋಬೇಕು ಅನ್ನೋ ತೀರ್ಮಾನದಲ್ಲಿದೆ, ಅದು ಅಷ್ಟು ಸುಲಭಕ್ಕೆ ಹೋಗಲ್ಲ ಅಂತ ನನ್ನ ಅನಿಸಿಕೆ.

ಕರ್ನಾಟಕದಿಂದ ಮಕ್ಕಳನ್ನ ಇಲ್ಲಿಗೆ ಕಳಿಸೋ ಯೋಚನೇಲಿ ಇದನ್ನ ಓದ್ತಿರೋರಿಗೆ ಒಂದು ಮಾತು, ಮೇಲಿನ ಫೀಸು ಲೋನು ಲೆಕ್ಕ ಇಲ್ಲಿ ನೆಲೆಸಿರೋರಿಗೆ ಮಾತ್ರ. ವಿದೇಶಿ ವಿದ್ಯಾರ್ಥಿಗೆ ಫೀಸು ಎರಡು ಮೂರು ಪಟ್ಟು, ಸರ್ಕಾರಿ ಲೋನೂ ಇಲ್ಲ. ಜಮೀನು ಅಡ ಇಟ್ಟು ಫೈನ್ ಆರ್ಟ್ ಬಿಎಗೆ ಇಲ್ಲಿಗೆ ಕಳಿಸಿ ಅಂತ ನಾನಂತೂ ಹೇಳಲ್ಲ. ಅಲ್ಲೇ ಡಿಗ್ರಿ ಮಾಡಿ, ಕೈಯಲ್ಲಿ ನಾಲ್ಕು ಮುಗಿದ ಕೆಲಸ ಇಟ್ಕೊಂಡು, ಸ್ಕಾಲರ್‌ಶಿಪ್ ಸಿಕ್ಕಿದ್ರೆ ಎಂಎಗೆ ಬರಲಿ.

ಹಾಗಾದ್ರೆ ಕಳಿಸೋದಾ ಬೇಡ್ವಾ ಅಂದ್ರೆ, ನನ್ನ ಉತ್ತರ ಕಳಿಸಿ, ಆದ್ರೆ ಫೌಂಡೇಶನ್ ಮೂಲಕ ಕಳಿಸಿ. ಅದಕ್ಕೆ ಅರ್ಜಿ ಹೆಚ್ಚಿನ ಕಡೆ ನೇರ ಕಾಲೇಜಿಗೇ ಹಾಕೋದು, ಒಂದೊಂದು ಕಡೆ ಒಂದೊಂದು ಕೊನೇ ದಿನ, ಚಳಿಗಾಲದೊಳಗೆ ಪಟ್ಟಿ ಮಾಡ್ಕೊಳ್ಳಿ. ಜೊತೆಗೆ ಯೂನಿವರ್ಸಿಟಿ ಅರ್ಜಿಗಳೆಲ್ಲ ಹೋಗೋ ಯುಕಾಸ್‌ನಲ್ಲಿ ಬಿಎಗೂ ಹಾಕಿಡಲಿ, ಜನವರಿಯಲ್ಲಿ ಮುಗಿಯುತ್ತೆ, ಆಕ್ಸ್‌ಫರ್ಡ್ ರಸ್ಕಿನ್‌ಗೆ ಹಾಕೋದಾದ್ರೆ ಅಕ್ಟೋಬರ್ 15ರೊಳಗೆ. ಅದಕ್ಕೂ ಮುಂಚೆ ಒಂದು ಶನಿವಾರ ಯಜಮಾನ್ರನ್ನೂ ಕರ್ಕೊಂಡು ಟೇಟ್ ಬ್ರಿಟನ್‌ಗೋ ಟೇಟ್ ಮಾಡರ್ನ್‌ಗೋ ಹೋಗಿ ಬನ್ನಿ, ಲೂಟನ್ನಿಂದ ರೈಲಲ್ಲಿ ಹತ್ತಿರವೇ, ಕಾಯಂ ಸಂಗ್ರಹ ನೋಡೋಕೆ ಟಿಕೆಟ್ ಇಲ್ಲ. ಯಾವುದಾದ್ರೂ ಕತ್ತಲೆ ಕೋಣೆಯ ವಿಡಿಯೋ ಇದ್ರೆ ಮಧ್ಯದಲ್ಲಿ ಎದ್ದು ಬರದೆ ಶುರುವಿಂದ ಕೊನೇವರೆಗೂ ಮೂರೂ ಜನ ಕೂತು ನೋಡಿ, ಆಮೇಲೆ ಮಗಳಿಗೆ ಅದರ ಬಗ್ಗೆ ಮಾತಾಡೋಕೆ ಬಿಡಿ.